ಸಿಳ್ಳಾರನ ಕ್ಯಾಸೆಟ್ಟು

ಸುಕನ್ಯ, ಆ ಮೊಬೈಲ್ ಬೆಳಕು ಆರಿಸು... ಕಣ್ಣಿಗೆ ಚುಚ್ಚುತ್ತೆ. ಕರೆಂಟ್ ಬಂದಾಗ ಬರ್ಲಿ. ಕೇಳ್ಬೇಕು ಅಂದ್ರೆ ಕತ್ತಲಲ್ಲೇ ಕೇಳಿ. ಮಧ್ಯೆ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದು ಹೋಗೋಳೇ.

ಇದು ಅಲ್ಲೆಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ಆನಂದನಿಗೆ ಆಗಿದ್ದು. ನನ್ನ ಚಿಕ್ಕಪ್ಪನ ಮಗ, ನಿಮ್ಮ ಆನಂದ್ ಮಾವ. ಕೆ.ಆರ್. ಪುರದಲ್ಲಿ ಪಾತ್ರೆ ಅಂಗಡಿಲಿ ಕೂತ್ಕೊಂಡು, ಯಾರ ಮುಖಾನೂ ನೋಡದೆ ಮಾತಾಡ್ತಾನಲ್ಲ, ಅವನೇ. ಅವನ್ಯಾಕೆ ಹಾಗೆ ದೊಡ್ಡಮ್ಮ ಅಂತ ನನ್ನ ಪ್ರಾಣ ತಿಂತಿದ್ರಲ್ಲ... ಇವತ್ತು ಕೇಳಿ.

ನಮ್ಮ ಈ ಬಿಲ್ಡಿಂಗ್ ಹಿಂದೆ ಕಾರು ನಿಲ್ಲಿಸ್ತಾರಲ್ಲ, ಅಲ್ಲಿ ದೊಡ್ಡಮುನಿಯಪ್ಪ ತಾತನ ಬಾವಿ ಇತ್ತು. ದೊಡ್ಡ ತೆರೆದ ಬಾವಿ. ಆಗ ಹೊರಮಾವು ಇನ್ನೂ ಊರೇ. ಅರ್ಧ ಸೈಟು, ಅರ್ಧ ಹೊಲ. ಎರಡು ಸಾವಿರನೇ ಇಸವಿ, ಫೆಬ್ರವರಿ. ಆನಂದ ಕೊನೇ ಬಸ್ಸಲ್ಲಿ ರಾಮಮೂರ್ತಿನಗರದಲ್ಲಿ ಇಳಿದು ನಡ್ಕೊಂಡು ಬರ್ತಿದ್ದ. ಬೀದಿದೀಪ ಇಲ್ಲ. ಬಾವಿ ಹತ್ರ ಬಂದಾಗ... ಸಿಳ್ಳೆ.

ಬಾವಿ ಒಳಗಿಂದ.

ಪೋಲಿ ಹುಡುಗರು ಹಾಕೋ ಸಿಳ್ಳೆ ಅಲ್ಲ. ಸ್ವೀ... ಅಂತ ತೆಳ್ಳಗೆ ಶುರುವಾಗಿ, ನಡುಗಿ, ಕೆಳಗಿಳಿದು, ಮತ್ತೆ ಮೇಲೆ ಹತ್ತೋದು. ಯಾರೋ ಗಂಡಸು ಬೇರೆ ಏನೋ ಯೋಚನೆ ಮಾಡ್ತಾ ಸುಮ್ಮನೆ ತುಟಿ ಊದ್ದಂಗೆ. ಮೂರು ಸಲ ಬಂತು. ಆನಂದ ನಿಂತ. ಅದೂ ನಿಂತ್ಹೋಯ್ತು. ಒಂದು ಹೆಜ್ಜೆ ಇಟ್ಟ... ಸ್ವೀ...

ಓಡ್ಬಂದು ಬಾಗಿಲು ಬಡಿದ. ನಮ್ಮ ಚಿಕ್ಕಮ್ಮ ಗಂಗಲಕ್ಷ್ಮಮ್ಮ ತೆಗೆದ್ರು.

"ಏನೋ? ನಾಯಿ ಅಟ್ಟಿಸ್ಕೊಂಡು ಬಂತಾ?"

"ಬಾವೀಲಿ ಯಾರೋ ಅವ್ರೆ ಅಮ್ಮ."

"ಯಾರು?"

ಅವನು ಒಳಗೆ ಬಂದು ಅಗುಳಿ ಹಾಕ್ಕೊಂಡ. ಅವನಿಗೆ ಯಾರು ಅಂತ ಗೊತ್ತಿತ್ತು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಆಗ ಆನಂದನಿಗೆ ಇಪ್ಪತ್ತೇಳು. ಇಂದಿರಾನಗರದ ಒಂದು ಸಣ್ಣ ಟೂರ್ ಆಫೀಸಲ್ಲಿ ಗೈಡು. ಹಕ್ಕಿ ತೋರ್ಸೋ ಗೈಡು. ನಗ್ಬೇಡಿ, ಅಂಥ ಕೆಲಸಾನೂ ಇದೆ. ಚಳಿಗಾಲದಲ್ಲಿ ಇಂಗ್ಲೆಂಡಿಂದ ವಯಸ್ಸಾದವರು ಬರೋರು, ಕುತ್ತಿಗೇಲಿ ದುರ್ಬೀನು. ಅವರನ್ನ ವ್ಯಾನಲ್ಲಿ ಕೂರಿಸ್ಕೊಂಡು ಹನ್ನೆರಡು ದಿನ. ಮೊದಲು ಘಟ್ಟದ ಕೆಳಗಿನ ಮಳೆಕಾಡು, ಮಧ್ಯಾಹ್ನಾನೂ ಬಿಸಿಲು ಬೀಳಲ್ವಂತೆ ಅಲ್ಲಿ. ಆಮೇಲೆ ಮೇಲಿನ ಬೆಟ್ಟಗಳು, ಹುಲ್ಲು, ಮಂಜು. ಪ್ರತಿ ರಾತ್ರಿ ಊಟ ಆದ್ಮೇಲೆ ಎಲ್ಲರೂ ಒಂದು ಪಟ್ಟಿ ಹಿಡ್ಕೊಂಡು ಕೂರೋದು. ಆನಂದ ಹಕ್ಕಿ ಹೆಸರು ಓದೋದು, ಅವರು ಟಿಕ್ ಹಾಕೋದು. ಕಣ್ಣಿಗೆ ಬೀಳದಿದ್ರೂ ಪರವಾಗಿಲ್ಲ, ದನಿ ಕೇಳಿದ್ರೆ ಅದಕ್ಕೂ ಟಿಕ್ ಇದೆ.

ಕೆಟ್ಟಿದ್ದೇ ಅಲ್ಲಿ.

ಸಿಳ್ಳಾರ ಅಂತ ಒಂದು ಹಕ್ಕಿ. ಕಾಡಿನ ಹಳ್ಳದ ಪಕ್ಕ ಇರುತ್ತೆ, ಥೇಟ್ ಮನುಷ್ಯರ ಥರಾನೇ ಸಿಳ್ಳೆ ಹಾಕುತ್ತೆ. ಬಂದೋರಿಗೆಲ್ಲ ಅದರ ಹಾಡು ಕೇಳೋ ಹುಚ್ಚು. ಆದರೆ ಅದು ಹಾಡೋದು ಮಳೆ ಹತ್ರ ಬಂದಾಗ. ಜನವರಿ ಚಳೀಲಿ ಬಾಯಿ ಬಿಡೋದೇ ಅಪರೂಪ. ಅವರು ಬರೋದು ಜನವರೀಲಿ. ಏನ್ ಮಾಡ್ತೀರಾ?

ಟೂರಿನ ಅಡುಗೆಯವನು ನಿಂಗಣ್ಣ. ಯಾದಗಿರಿ ಕಡೆಯವನು. ಗಾರೆ ಕೆಲಸಕ್ಕೆ ಅಂತ ಬಂದು, ಬೈಯಪ್ಪನಹಳ್ಳೀಲಿ ರೈಲ್ವೆ ಲೈನ್ ಪಕ್ಕ ಒಂದು ರೂಮಲ್ಲಿ ಬಾಡಿಗೆಗಿದ್ದ, ಹೆಂಡತಿ ಮಾನಮ್ಮನ ಜೊತೆ. ಮಕ್ಕಳಿರ್ಲಿಲ್ಲ. ಆಯಪ್ಪನಿಗೆ ಒಂದು ವಿದ್ಯೆ ಇತ್ತು. ಯಾವ ಹಕ್ಕಿ ಕೂಗಿದ್ರೂ ಎರಡು ಸಲ ಕೇಳಿ, ಮೂರನೇ ಸಲ ತಾನೇ ಕೂಗೋನು. ಒಂದ್ಸಲ ಹೇಳ್ದ, "ಹಕ್ಕಿ ಒದರಲಿಲ್ಲಂದ್ರ ಏನಾತ್ರಿ ಸರ, ನಾ ಅದೀನಲ್ಲ." ಮೊದಲ ವರ್ಷ ತಮಾಷೆಗೆ ಮಾಡಿದ್ರು. ಎರಡನೇ ವರ್ಷಕ್ಕೆ ಅದೇ ಪದ್ಧತಿ ಆಗೋಯ್ತು. ಸಂಜೆ ನಿಂಗಣ್ಣ ಸೌದೆ ತರ್ತೀನಿ ಅಂತ ಮುಂದೆ ಹೋಗೋದು, ಹಳ್ಳ ದಾಟಿ ಬಂಡೆ ಹಿಂದೆ ಕೂರೋದು, ಮೂರು ಸಲ ಸಿಳ್ಳೆ ಹಾಕೋದು. ಬೇರೆ ದಾರೀಲಿ ವಾಪಸ್ ಬಂದು ಒಲೆ ಹಚ್ಚೋದು. ಬಂದೋರು ಟಿಕ್ ಹಾಕೋದು.

ಮೂರೇ ಸಲ... ನೆನಪಿಟ್ಕೊಳ್ಳಿ.

ಆ ವರ್ಷ ಬಂದಿದ್ದು ಆರು ಜನ. ಅದರಲ್ಲಿ ಡೊರೊಥಿ ಅಂತ ಒಬ್ಬ ಮುದುಕಿ, ಕೈಯಲ್ಲಿ ಯಾವಾಗ್ಲೂ ಟೇಪ್ ರೆಕಾರ್ಡರು. ಬೆಟ್ಟದ ಮೇಲೆ ಒಂದು ಹಳೇ ಎಸ್ಟೇಟ್ ಬಂಗಲೇಲಿ ಇಳಿದಿದ್ರು. ಸಂಜೆ ಆರು ದಾಟಿದೆ. ಎಲ್ಲಾ ಹಳ್ಳದ ಈಚೆ ದಡದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಾರೆ. ನೀರು ಭರ್ರ್ ಅಂತ ಹರೀತಿದೆ. ಆಗ ಬಂತು. ಸ್ವೀ... ಒಂದು. ಎರಡು. ಮೂರು. ಮುದುಕಿ ಕಣ್ಣಲ್ಲಿ ನೀರೇ ಬಂತಂತೆ.

ನಾಲ್ಕು.

ಆನಂದ ಹುಬ್ಬು ಗಂಟಿಕ್ಕಿದ. ಐದು. ಆರು... ನಿಲ್ತಾನೇ ಇಲ್ಲ. ಸಾಕು ನಿಲ್ಸಪ್ಪ ಅಂತ ಮನಸ್ಸಲ್ಲೇ ಬೈಕೊಂಡ. ಹೋಗಿ ನೋಡೋಣ ಅಂದ್ರೆ ಇವರೂ ಹಿಂದೆ ಬರ್ತಾರೆ. ಬಂಡೆ ಹಿಂದೆ ಅಡುಗೆಯವನು ಕೂತಿರೋದು ಕಂಡ್ರೆ ಮಾನ ಹೋಗುತ್ತೆ. ಅದಕ್ಕೆ ಏನಂದ ಗೊತ್ತಾ? ಅದು ಗಂಡು ಹಕ್ಕಿ, ಇದು ನನ್ನ ಜಾಗ ಅಂತ ಬೇರೆ ಹಕ್ಕಿಗಳಿಗೆ ಹೇಳ್ತಾ ಇದೆ ಅಂದ. ಎಲ್ಲರೂ ತಲೆಯಾಡ್ಸಿದ್ರು. ಬಂಗಲೆಗೆ ಹೋದ್ರು. ರಾತ್ರಿ ಪಟ್ಟಿ ಓದಿದಾಗ ಸಿಳ್ಳಾರದ ಮುಂದೆ ಆರು ಜನಾನೂ ಟಿಕ್ ಹಾಕಿದ್ರು.

ಒಂಬತ್ತಾಯ್ತು. ನಿಂಗಣ್ಣ ಬರ್ಲಿಲ್ಲ. ಡ್ರೈವರ್ ಅಬ್ದುಲ್ಲೇ ಹೇಗೋ ಅನ್ನ ಬೇಯಿಸಿ ಹಾಕಿದ್ದ. ಶಿವಾಜಿನಗರದವನು, ಒಳ್ಳೆ ಮನುಷ್ಯ. ಆನಂದನ ಕಿವಿ ಹತ್ರ ಬಂದು ಪಿಸುಗುಟ್ಟಿದ.

"ಟಾರ್ಚ್ ತಗೊಂಡು ಹೋಗ್ಬಿಟ್ಟು ಬರೋಣ್ವಾ ಗುರು?"

"ಎಸ್ಟೇಟ್ ಕೂಲಿಗಳ ಲೈನ್ ಮನೇಲಿ ಕುಡ್ಕೊಂಡು ಬಿದ್ದಿರ್ತಾನೆ. ಬರ್ತಾನೆ ಬಿಡು."

"ಇನ್ನೂ ಕೇಳಿಸ್ತಿದೆ... ನೋಡು."

ಕೇಳಿಸ್ತಿತ್ತು. ವರಾಂಡದಲ್ಲಿ ಕೂತಿದ್ದ ಡೊರೊಥಿಗೂ ಕೇಳಿಸ್ತಿತ್ತು. ರಾತ್ರೀನೂ ಹಾಡುತ್ತಲ್ಲಾ, ಎಷ್ಟು ಚಂದ ಅಂದಳಂತೆ. ಸಿಳ್ಳಾರ ರಾತ್ರಿ ಹಾಡಲ್ಲ. ಅದು ಆನಂದನಿಗೆ ಗೊತ್ತಿತ್ತು. ಹೌದು ಮೇಡಂ, ಬೆಳದಿಂಗಳಲ್ಲಿ ಒಂದೊಂದ್ಸಲ ಹಾಡುತ್ತೆ ಅಂದ. ಹೋಗಿ ಮಲಗಿದ. ಕಿವಿ ಮೇಲೆ ದಿಂಬು ಇಟ್ಕೊಂಡೆ ಅಕ್ಕ, ಅಂತ ಅವನೇ ನನ್ಹತ್ರ ಹೇಳಿದ್ದು.

ಬೆಳಿಗ್ಗೆ ಅಬ್ದುಲ್ ಹೋಗಿ ನೋಡಿದ. ನಿಂಗಣ್ಣ ಬಂಡೆಯಿಂದ ಜಾರಿ, ಎರಡು ಕಲ್ಲಿನ ಮಧ್ಯೆ ಕಾಲು ಸಿಕ್ಕಿ, ಸೊಂಟದ ತನಕ ಆ ಕೊರೆಯೋ ನೀರಲ್ಲಿ. ಎದೆಗೂ ಪೆಟ್ಟು ಬಿದ್ದಿತ್ತು. ಹಳ್ಳದ ಆ ಸದ್ದಲ್ಲಿ ಕೂಗಿದ್ರೂ ಈಚೆಗೆ ಕೇಳಲ್ಲ. ಸಿಳ್ಳೆ ಕೇಳುತ್ತೆ. ಆಯಪ್ಪನಿಗೆ ಅದು ಗೊತ್ತಿತ್ತು, ಅದಕ್ಕೇ ಸಿಳ್ಳೆ ಹಾಕಿದ್ದ. ಆಸ್ಪತ್ರೇಲಿ ಡಾಕ್ಟರು ಆನಂದನಿಗೆ ಹೇಳಿದ್ರು, ಜೀವ ಹೋಗಿರೋದು ಬೆಳಗಿನ ಜಾವ, ನಾಲ್ಕರಿಂದ ಐದರೊಳಗೆ ಅಂತ. ಹತ್ತು ಗಂಟೆಗೂ ಜಾಸ್ತಿ ಹೊತ್ತು ಬದುಕಿದ್ದ. ಎದ್ದು ಹೋಗಿದ್ರೆ ಸಿಗ್ತಿದ್ದ.

ಹೆಣ ತಂದಾಗ ಮಾನಮ್ಮ ಅಳ್ಲಿಲ್ಲ. ಆನಂದನ್ನ ಒಂದೇ ಕೇಳಿದ್ದು.

"ಒದರಿದ್ರೇನ್ರಿ? ಯಾರನ್ನರ ಕರದ್ರೇನ್ರಿ?"

"ಇಲ್ಲಮ್ಮ... ಬಿದ್ದ ತಕ್ಷಣ ಹೋಗ್ಬಿಟ್ರು. ಕೂಗೋಕೂ ಟೈಮಿರ್ಲಿಲ್ಲ."

ಆ ಸುಳ್ಳು ಹೇಳಿ ಬಂದ ವಾರಕ್ಕೇ ಬಾವೀಲಿ ಸಿಳ್ಳೆ ಶುರುವಾಗಿದ್ದು.

ಚಿಕ್ಕಮ್ಮ ಗಾಳಿ ಸೋಕಿದೆ ಅಂತ ಮುನೇಶ್ವರನ ಗುಡಿಗೆ ಹೋಗಿ ತಡೆ ಒಡೆಸಿದ್ರು. ನಿಂಬೆಹಣ್ಣು ಇಳಿ ತೆಗೆದ್ರು. ಕೈಗೆ ದಾರ ಕಟ್ಟಿಸಿದ್ರು. ಏನ್ ಮಾಡಿದ್ರೂ ಸಂಜೆ ಆರರ ಮೇಲೆ ಬಾವಿ ಕಡೆ ಹೋದ್ರೆ ಅದೇ. ಮೊದಲು ಮೂರು. ಒಂದು ಸಣ್ಣ ಬಿಡುವು. ಆಮೇಲೆ ನಿಲ್ಲದೆ... ನಿಲ್ಲದೆ. ಆನಂದ ಕೆಲಸ ಬಿಟ್ಟ. ಅನ್ನ ಬಿಟ್ಟ. ಹುಡುಗೀನ ನೋಡಿ ಬಂದಿದ್ದ ಸಂಬಂಧಾನೂ ಬೇಡ ಅಂದ.

ಮಾರ್ಚಲ್ಲಿ ಇಂಗ್ಲೆಂಡಿಂದ ಒಂದು ಪೊಟ್ಟಣ ಬಂತು. ಒಳಗೊಂದು ಕ್ಯಾಸೆಟ್ಟು, ಅರವತ್ತು ನಿಮಿಷದ ಮಾಮೂಲಿ ಕ್ಯಾಸೆಟ್ಟು. ಜೊತೆಗೆ ಡೊರೊಥಿ ಕಾಗದ. ನಾನೇ ಓದಿದೀನಿ. "ನಿಂಗಣ್ಣನ ನೆನಪಾದಾಗಲೆಲ್ಲ ಈ ಹಕ್ಕಿಯ ಹಾಡು ಹಾಕಿಕೊಳ್ಳುತ್ತೇನೆ. ಅವನ ಕೊನೆಯ ಸಂಜೆ ಅವನೂ ಎಲ್ಲೋ ಕುಳಿತು ಇದನ್ನೇ ಕೇಳಿದ್ದನಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ." ಪಾಪ, ಆ ಮುದುಕಿಗೇನು ಗೊತ್ತು.

ಅವತ್ತು ಆನಂದ ನನ್ನ ಮನೆಗೆ ಬಂದ. ನಡಿ ಅಕ್ಕ, ಒಂದ್ಸಲ ನನ್ಜೊತೆ ಬಾವಿ ತನಕ ಬಾ ಅಂದ. ನಾನು ನಂಬೋಳಲ್ಲ, ಬೈಕೊಂಡೇ ಹೋದೆ. ರಾಟೆ ಹಗ್ಗ ಅಲ್ಲಾಡ್ತಿರ್ಲಿಲ್ಲ. ಗಾಳಿ ಇರ್ಲಿಲ್ಲ...

ನಾನೂ ಕೇಳ್ದೆ. ಮೂರು. ಬಿಡುವು. ಆಮೇಲೆ ಒಂದೇ ಸಮ. ಆನಂದ ಬಾವಿ ಕಟ್ಟೆ ಮೇಲೆ ಕುಸಿದು ಕೂತು, ಇಷ್ಟೊತ್ತು ನಾನು ಹೇಳಿದ್ದೆಲ್ಲಾ ಹೇಳಿದ. ಬಿಕ್ಕಿಬಿಕ್ಕಿ ಅತ್ತ. ನನಗೆ ಹೆದರಿಕೆಗಿಂತ ಸಿಟ್ಟೇ ಜಾಸ್ತಿ ಬಂತು.

"ಲೋ, ಇದನ್ನ ನನ್ಹತ್ರ ಯಾಕೋ ಹೇಳ್ತೀಯಾ? ನಾನೇನು ಅವನ ಹೆಂಡ್ತೀನಾ? ಹೇಳ್ಬೇಕಾದೋಳು ಬೈಯಪ್ಪನಹಳ್ಳೀಲಿ ಕೂತವಳೆ."

"ಹೇಗಕ್ಕ ಹೇಳ್ಲಿ? ಏನಂತ?"

"ಕೂಗಿದ, ನಾನು ಹೋಗ್ಲಿಲ್ಲ ಅಂತ. ಅಷ್ಟೇ."

ಭಾನುವಾರ ಸಂಜೆ ಹೋದ್ವಿ. ಕ್ಯಾಸೆಟ್ಟನ್ನೂ ಜೇಬಲ್ಲಿಟ್ಕೊಂಡಿದ್ದ. ನನ್ನ ಟೇಪ್ ರೆಕಾರ್ಡರ್ ನಾನೇ ಚೀಲದಲ್ಲಿ ಹಾಕ್ಕೊಂಡಿದ್ದೆ, ಆಯಮ್ಮ ನಂಬದೆ ಇದ್ರೆ ಅಂತ. ಒಂದೇ ರೂಮು. ಮೂಲೇಲಿ ಸೀಮೆಎಣ್ಣೆ ಸ್ಟವ್ವು. ಗೋಡೆ ಮೇಲೆ ಗಂಡನ ಅಂಗಿ ಇನ್ನೂ ಮೊಳೇಲಿ ನೇತಾಡ್ತಿತ್ತು. ಆನಂದ ನೆಲದ ಮೇಲೆ ಕೂತು, ತಲೆ ಎತ್ತದೆ ಎಲ್ಲಾ ಹೇಳಿದ. ದಿಂಬಿನ ವಿಷಯಾನೂ ಬಿಡ್ಲಿಲ್ಲ.

ಕ್ಯಾಸೆಟ್ಟು ತೆಗೆದು ಮಾನಮ್ಮನ ಮುಂದೆ ಇಟ್ಟ. ಆಯಮ್ಮ ಅದನ್ನೇ ನೋಡ್ತಾ ಕೇಳಿದ್ಲು.

"ಅದ್ರಾಗ ಅವರ ಸಿಳ್ಳಿ ಐತೇನ್ರಿ?"

"ಇದೆಯಮ್ಮ."

"ಹಚ್ರಿ."

ಆರು ಗಂಟೆ ಹತ್ತು ನಿಮಿಷ. ನನ್ನ ವಾಚ್ ನೋಡಿದ್ದೆ. ಹಾಕ್ದೆ. ಮೊದಲು ನೀರು, ಭರ್ರ್ ಅಂತ. ಆಮೇಲೆ ಸ್ವೀ... ಮೂರು ಸಲ. ಬಿಳಿಯರ ಪಿಸುಮಾತು. ಮತ್ತೆ ಸಿಳ್ಳೆ. ನಮ್ಮ ಆನಂದನ ಇಂಗ್ಲಿಷು, ಗಂಡು ಹಕ್ಕಿ, ಇದು ಅದರ ಜಾಗ ಅಂತ. ಅವನು ಎರಡೂ ಕೈಯಲ್ಲಿ ಮುಖ ಮುಚ್ಕೊಂಡ. ಆಮೇಲೆ ಎಲ್ಲರೂ ನಡ್ಕೊಂಡು ಹೋಗೋ ಸದ್ದು, ಎಲೆ ಚರಚರ, ದೂರ... ದೂರ. ಅಲ್ಲಿಗೆ ಮುದುಕಿ ರೆಕಾರ್ಡರನ್ನ ಆರಿಸಿ ಎತ್ಕೊಂಡು ಹೋಗಿರ್ಬೇಕು ತಾನೇ?

ಆದರೆ ನೀರು ಹರೀತಾನೇ ಇತ್ತು. ಸಿಳ್ಳೆ ಬರ್ತಾನೇ ಇತ್ತು.

ಮಾನಮ್ಮ ಟೇಪ್ ರೆಕಾರ್ಡರನ್ನ ಹತ್ತಿರಕ್ಕೆ ಎಳ್ಕೊಂಡು, ಅದರ ಮೇಲೆ ಅಂಗೈ ಇಟ್ಳು. ಒಂದೊಂದು ಸಿಳ್ಳೆಗೂ "ಹೂಂ" ಅನ್ನೋಳು. ಅಷ್ಟೇ. "ಹೂಂ... ಹೂಂ." ಗಂಟೆ ಎಂಟಾಯ್ತು. ಹತ್ತಾಯ್ತು. ಹೊರಗೆ ರೈಲು ಧಡಧಡ ಅಂತ ಹೋಗೋದು, ಆಗ ಆಯಮ್ಮ ಬಗ್ಗಿ ಕಿವಿ ಹಚ್ಚೋಳು. ಎದ್ದು ಹೋಗೋಣ ಅಂತ ನನಗೆ ಅನಿಸ್ತು. ಆಗ್ಲಿಲ್ಲ. ಆನಂದ ಅವತ್ತು ಕಾಡಲ್ಲಿ ಕೇಳದೆ ಮಲಗಿದ್ದನ್ನೆಲ್ಲ ಇಲ್ಲಿ ಕೂತು ಪೂರ್ತಿ ಕೇಳಿದ. ರಾತ್ರಿ ಎರಡರ ಮೇಲೆ ಸಿಳ್ಳೆ ಗಿಡ್ಡ ಆಯ್ತು. ಆಮೇಲೆ ಬರೀ ಗಾಳಿ, ತುಟೀಲಿ ದನಿ ಇಲ್ಲ. ಆದ್ರೂ ಪ್ರಯತ್ನ ಪಡ್ತಾನೇ ಇದ್ದ ಆಯಪ್ಪ.

ಕೊನೆಗೆ ನೀರೊಂದೇ ಉಳೀತು. ಟಕ್ ಅಂತ ಟೇಪಿನ ಗುಂಡಿ ಮೇಲಕ್ಕೆ ಎಗರಿತು.

"ಈಗ ಹೋದ್ರು," ಅಂದ್ಲು ಮಾನಮ್ಮ.

ವಾಚ್ ನೋಡಿದೆ. ಬೆಳಗಿನ ಜಾವ ನಾಲ್ಕೂ ಮುಕ್ಕಾಲು.

ಆನಂದ ಕಾಲು ಹಿಡಿಯೋಕೆ ಬಗ್ಗಿದ. ಆಯಮ್ಮ ಕಾಲು ಹಿಂದಕ್ಕೆ ಎಳ್ಕೊಂಡ್ಲು. "ಬ್ಯಾಡ್ರಿ. ಒಬ್ಬರೇ ಹೋಗಲಿಲ್ಲ, ನಾ ಇದ್ದೆ, ಅಷ್ಟು ಸಾಕು ನನಗ. ನೀವು ಇನ್ನೊಮ್ಮಿ ನಮ್ಮ ಮನಿ ಕಡೆ ಬರಬ್ಯಾಡ್ರಿ." ಕ್ಯಾಸೆಟ್ ತೆಗೆದು ಗಂಡನ ಅಂಗಿ ಜೇಬಲ್ಲಿಟ್ಳು. ಆಮೇಲೆ ರೂಮು ಖಾಲಿ ಮಾಡ್ಕೊಂಡು ಯಾದಗಿರಿ ಕಡೆಗೇ ಹೋದ್ಲಂತೆ. ಬಾವೀಲಿ ಮತ್ತೆ ಸಿಳ್ಳೆ ಬರ್ಲಿಲ್ಲ. ಆದರೂ ಬಾವಿ ಮುಚ್ಚೋ ತನಕ ಆನಂದ ದಿನಾ ಸಂಜೆ ಆರಕ್ಕೆ ಹೋಗಿ ಅದರ ಕಟ್ಟೆ ಮೇಲೆ ಕೂರೋನು, ಅದು ನಮ್ಮೂರೋರಿಗೆಲ್ಲಾ ಗೊತ್ತು.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ, ನನಗೇನು. ತಾನೇ ತಿರುಗಿ ಓಡೋ ಟೇಪ್ ರೆಕಾರ್ಡರ್ ಇರ್ಬೇಕು ಅಂತ ಮಾತ್ರ ಹೇಳ್ಬೇಡ ಸುಕನ್ಯ. ಅದು ನನ್ನದೇ, ಒಂದು ಕಡೆ ಮುಗಿದ್ರೆ ಟಕ್ ಅಂತ ನಿಲ್ಲೋ ಜಾತಿ, ಇನ್ನೂ ಅಟ್ಟದ ಮೇಲಿದೆ, ಬೇಕಾದ್ರೆ ಹಾಕಿ ನೋಡು. ಕ್ಯಾಸೆಟ್ಟು ಒಂದು ಕಡೆಗೆ ಮೂವತ್ತು ನಿಮಿಷದ್ದು. ಆ ರಾತ್ರಿ ಯಾರೂ ಅದನ್ನ ತಿರುಗಿಸಿ ಹಾಕ್ಲಿಲ್ಲ. ಬೆಳಗಿನ ತನಕ ಆಯಮ್ಮನ ಕೈ ಅದರ ಮೇಲೇ ಇತ್ತು.