ವಾಚನಾಲಯದ ಗೋಡೆಯ ಮೀಸೆ

ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಕುರ್ಚಿ ಸಾಲದೆ ವೇದಿಕೆಯ ಅಂಚಿನಲ್ಲಿ ಅಲಂಕಾರವಾಗಿ ನಿಂತಿರುವ ಇತರ ಗಣ್ಯರೇ, ನಮ್ಮ ವಾಚನಾಲಯದ ಸನ್ಮಾನ್ಯ ಅಧ್ಯಕ್ಷರೇ, ಮುಂದಿನ ಸಾಲಿನ ಹಿರಿಯರೇ, ಬಾಗಿಲಿಗೆ ಹತ್ತಿರವಾಗಿ ಕುಳಿತಿರುವ ಹಿಂದಿನ ಸಾಲಿನ ಬುದ್ಧಿವಂತರೇ, ಇವರ ನಡುವೆ ಸಿಕ್ಕಿಬಿದ್ದಿರುವ ಸಭಿಕರೇ,

ಯುದ್ಧದಲ್ಲಿ ಮಡಿದ ನಮ್ಮ ಬೀದಿಯ ಯೋಧರ ಪುತ್ಥಳಿಯನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ಅನಾವರಣ ಮಾಡಲಿದ್ದಾರೆ. ಅದಕ್ಕೆ ಮೊದಲು ಅವರ ಜೀವನವನ್ನು ಕುರಿತು ಎರಡು ಮಾತು ಹೇಳಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿದೆ. "ಸಂಶೋಧನೆ ಮಾಡು, ತಲೆಹರಟೆ ಮಾಡಬೇಡ" ಎಂದೂ ಅಪ್ಪಣೆಯಾಗಿತ್ತು. ಇವೆರಡಕ್ಕೂ ಏನು ವ್ಯತ್ಯಾಸ? ಬಾಗಿಲು ತಟ್ಟಿ ಕೇಳಿದರೆ ಸಂಶೋಧನೆ, ಕಿಟಕಿಯಲ್ಲಿ ಇಣುಕಿ ಕೇಳಿದರೆ ತಲೆಹರಟೆ. ನಾನು ಎರಡಕ್ಕೂ ನ್ಯಾಯ ಒದಗಿಸಿದ್ದೇನೆ.

ಯೋಧರ ಭಾವಚಿತ್ರವನ್ನು ಕಾಣದವರು ಈ ಸಭೆಯಲ್ಲಿ ಯಾರಿದ್ದಾರೆ? ಪತ್ರಿಕೆಗಳ ಉದ್ದ ಮೇಜು, ತಿರುಗುವ ಮುನ್ನ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಫ್ಯಾನು, ಮಕ್ಕಳ ಪುಸ್ತಕಗಳ ಗಿಡ್ಡ ಕಪಾಟು, ಅದರ ಮೇಲೆ ಸಮವಸ್ತ್ರ ತೊಟ್ಟ ಆ ಮೀಸೆ. ಹೌದು, ಮೀಸೆ. ಮುಖ ಅದರ ಹಿಂದೆ ಎಲ್ಲೋ ಇತ್ತು. "ಮೀಸೆ ಮಾವ ನೋಡ್ತಿದ್ದಾರೆ" ಎಂದು ಗ್ರಂಥಪಾಲಕರು ಹೇಳಿದರೆ ಸಾಕು, ಪುಟ ಹರಿಯುತ್ತಿದ್ದ ನಮ್ಮ ಕೈ ಅಲ್ಲೇ ನಿಲ್ಲುತ್ತಿತ್ತು. ಮಧ್ಯಾಹ್ನ ಅವರು ತೂಕಡಿಸುವಾಗ ನನ್ನ ಅಣ್ಣ ನನ್ನನ್ನು ಹೆಗಲ ಮೇಲೆ ನಿಲ್ಲಿಸಿಕೊಂಡು, "ಮುಟ್ಟಿ ಬಾರೋ, ಕಚ್ಚಲ್ಲ" ಎನ್ನುತ್ತಿದ್ದ. ನಾನು ಒಮ್ಮೆಯೂ ಮುಟ್ಟಲಿಲ್ಲ. ಅಣ್ಣ ಮುಟ್ಟಿದ. ಈಗ ಅವನೂ ಸಮವಸ್ತ್ರದಲ್ಲಿದ್ದಾನೆ, ಗಡಿಯಲ್ಲಿ. ಇರಲಿ, ಅದು ಇಂದಿನ ವಿಷಯವಲ್ಲ.

ನಮ್ಮ ವಾಚನಾಲಯದಲ್ಲಿ ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದುವ ಏಕೈಕ ಸದಸ್ಯ ಗೆದ್ದಲು. ಅದು ಈ ಚಿತ್ರವನ್ನೂ ಓದಿ ಮುಗಿಸಿದ್ದರಿಂದ ಪುತ್ಥಳಿ ಮಾಡಿಸಲು ನಿರ್ಧರಿಸಿದೆವು. ಶಿಲ್ಪಿ ಮೂಲ ಫೋಟೊ ಕೇಳಿದರು. ನಾನು ಮೊದಲು ಹೋದದ್ದು ಯೋಧರ ಸಹಪಾಠಿ, ಮೂಲೆಯಂಗಡಿಯ ಗಡಿಯಾರ ರಿಪೇರಿಯ ಹಿರಿಯರ ಹತ್ತಿರ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡಿದರು.

"ಅವರ ಆ ಗಂಭೀರವಾದ ಮೀಸೆಯ ಬಗ್ಗೆ ಹೇಳಿ" ಎಂದೆ.

"ಅದಾ? ಅದು ನಂದು ಕಣೋ."

"ನಿಮ್ಮದೇ?"

"ನಮ್ಮಪ್ಪನ ಬೂಟ್ ಬ್ರಷ್ಷಿಂದು. ಸ್ಕೂಲ್ ನಾಟಕದಲ್ಲಿ ಅವನು ಜಡ್ಜು. ನಾನೇ ಕೂದಲು ಕಿತ್ತು ಅಂಟಿಸಿದ್ದೆ. ಬ್ರಷ್ ಬೋಳಾಗಿದ್ದಕ್ಕೆ ಅಪ್ಪ ಕೊಟ್ಟ ಏಟು ಇನ್ನೂ ಉರಿಯುತ್ತೆ."

ಸಭಿಕರೇ, ದಯವಿಟ್ಟು ಶಾಂತರಾಗಿರಿ. ನಾನೂ ಅಂಗಡಿಯ ಹೊರಗೆ ಬಂದು ಶಾಂತನಾಗಬೇಕಾಯಿತು. ಸಚಿವರು, ಅಧಿಕಾರಿಗಳು, ನಮ್ಮ ಅಧ್ಯಕ್ಷರು, ಅಧ್ಯಕ್ಷರ ಪೂಜ್ಯ ತಂದೆಯವರು, ಎಲ್ಲರೂ ವರ್ಷವರ್ಷವೂ ಇದೇ ಸಭಾಂಗಣದಲ್ಲಿ ತಲೆಬಾಗಿದ್ದು ಯಾವುದಕ್ಕೆ? ಒಂದು ಬೂಟ್ ಬ್ರಷ್ಷಿಗೆ.

ಅಲ್ಲಿಂದ ನೇರವಾಗಿ ಯೋಧರ ತಂಗಿಯ ಮನೆಗೆ ಹೋದೆ. ನಮ್ಮ ಬೀದಿಗೆಲ್ಲ ಅವರು ಪುಟ್ಟತ್ತೆ. ವಾಚನಾಲಯದ ಸ್ಮರಣೆಯ ಸಭೆಗೆ ಅವರು ಎಂದೂ ಬಂದವರಲ್ಲ. ಪಾಪ, ದುಃಖ ತಡೆಯಲಾರರು ಎಂದು ನಾವೆಲ್ಲ ದನಿ ತಗ್ಗಿಸಿ ಮಾತಾಡಿಕೊಳ್ಳುತ್ತಿದ್ದೆವು. ನಾನೂ ದನಿ ತಗ್ಗಿಸಿಯೇ ಕೇಳಿದೆ.

"ದುಃಖವಾ? ನಗು ತಡ್ಯಕ್ಕಾಗಲ್ಲ ಮಾರಾಯಾ. ಆ ಮೀಸೆ ಮುಂದೆ ದೊಡ್ಡೋರೆಲ್ಲ ಸಾಲಾಗಿ ಕಣ್ಣು ಮುಚ್ಚಿ ನಿಂತ್ಕೊಂಡಿದ್ರೆ, ನಾನು ಕಿಸಕ್ ಅಂದ್ರೆ ಚೆನ್ನಾಗಿರುತ್ತಾ?"

ಸಮವಸ್ತ್ರದಲ್ಲಿ ತೆಗೆಸಿದ್ದ ಫೋಟೊ ಒಂದಿತ್ತಂತೆ. ಅವರ ತಾಯಿ ಅದನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಿದ್ದರು. "ಕೊನೆಗೆ ಅಮ್ಮನ ಜೊತೆನೇ ಕಳಿಸಿಬಿಟ್ವಿ" ಎಂದರು ಪುಟ್ಟತ್ತೆ. ಉಳಿದದ್ದು ನಾಟಕದ ಫೋಟೊ ಮಾತ್ರ. ವಾಚನಾಲಯದ ಚಿತ್ರಕ್ಕೆ ಮುಖ ಬಂದದ್ದು ಅದರಿಂದ, ಸಮವಸ್ತ್ರ ಬಂದದ್ದು ಚಿತ್ರಕಾರನ ಕುಂಚದಿಂದ. "ಮೀಸೆ ಬಿಟ್ಟು ಬರೀರಿ ಅಂತ ಬೇಡ್ಕೊಂಡೆ. ಇರ್ಲಿ ಬಿಡಮ್ಮ, ಗಾಂಭೀರ್ಯ ಬರುತ್ತೆ ಅಂದ್ರು." ಅಂದವರು ಯಾರೆಂದು ಅಧ್ಯಕ್ಷರ ಮನೆತನದ ಮೇಲಿನ ಗೌರವದಿಂದ ನಾನು ಹೇಳುವುದಿಲ್ಲ.

"ಈಗ ಬೋಳಿಸಿಬಿಡೋಣ ಅತ್ತೆ. ನಿಜವಾದ ಮುಖ ಹೇಗಿತ್ತು ಹೇಳಿ" ಎಂದೆ.

ಅವರು ಹೇಳಲು ಬಾಯಿ ತೆರೆದರು. ಕಣ್ಣು ಮುಚ್ಚಿದರು. ಮತ್ತೆ ತೆರೆದರು. ಕಿವಿ ಹೇಳಿದರು, ಕ್ರಾಪು ಹೇಳಿದರು, ಗಲ್ಲದ ಮೇಲಿನ ಗಾಯ ಹೇಳಿದರು. ಮೂಗಿನ ಕೆಳಗೆ ಬಂದಾಗ ಮಾತು ನಿಂತಿತು.

"ಬರ್ತಿಲ್ಲ ಕಣೋ" ಎಂದರು. "ಮೀಸೆನೇ ಬರ್ತಿದೆ."

ಮನೆಗೆ ಬಂದು ನಾನೂ ಕಣ್ಣು ಮುಚ್ಚಿ ನೋಡಿದೆ. ಅಣ್ಣನ ಹೆಗಲು ಬಂತು, ದನಿ ಬಂತು, ಬೈತಲೆ ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಫೋನಿನಲ್ಲಿ ಸಿಕ್ಕಾಗ, "ಟೋಪಿ ತೆಗೆದು, ನಗ್ತಾ ಒಂದು ಫೋಟೊ ಕಳ್ಸು" ಎಂದೆ. "ಯಾಕೋ?" ಎಂದ. "ಸುಮ್ನೆ" ಎಂದೆ. ಕ್ಷಮಿಸಿ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಮಾರನೆಯ ದಿನ ಪುಟ್ಟತ್ತೆಯೇ ಕರೆಸಿದರು. ನಾಟಕದ ಫೋಟೊ ಮಡಿಲಲ್ಲಿತ್ತು. ಕಿರುಬೆರಳನ್ನು ಅಡ್ಡ ಇಟ್ಟು ಮೀಸೆಯನ್ನು ಮುಚ್ಚಿದರು. "ಈಗ ನೋಡು. ತುಟಿಯ ಎಡತುದಿ ಒಳಗೆ ಕಚ್ಕೊಂಡಿದ್ದಾನೆ. ನಗು ತಡ್ಕೊಂಡಿದ್ದಾನೆ ಪೋಕರಿ. ಕ್ಯಾಮರಾ ಹಿಂದೆ ನಿಂತು ಅಣಕಿಸ್ತಿದ್ದೋಳು ನಾನೇ."

ಶಿಲ್ಪಿಯ ಶೆಡ್ಡಿನಲ್ಲಿ ಪುಟ್ಟತ್ತೆ ಎಷ್ಟು ಮಧ್ಯಾಹ್ನಗಳನ್ನು ಕಳೆದರೋ. ಒದ್ದೆ ಜೇಡಿಮಣ್ಣಿನ ಮುಖದ ಎದುರು ಸ್ಟೂಲು ಹಾಕಿಕೊಂಡು, "ಇನ್ನೂ ಸ್ವಲ್ಪ, ಅಯ್ಯೋ ಅಷ್ಟು ಬೇಡಪ್ಪ" ಎನ್ನುತ್ತ ಶಿಲ್ಪಿಯ ತಾಳ್ಮೆಯನ್ನೂ ಕೆತ್ತಿದರು. ಕೊನೆಗೆ ತಾವೇ ಎದ್ದು ತುಟಿಯ ಎಡತುದಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಎರಕ ಹೊಯ್ದಾಗ ಆ ಗುಳಿ ಹಾಗೆಯೇ ಉಳಿಯಿತು.

ಆದರೆ ಅಂದಿನಿಂದ ಅವರಿಗೆ ಒಂದೇ ಸಂಕಟ. "ಅವನದ್ದೇ ಮುಖವೋ, ನನಗೆ ಬೇಕಾದ ಮುಖವೋ? ಹೊಸ ಸುಳ್ಳು ಹೇಳಿಬಿಟ್ನೇನೋ" ಎನ್ನುತ್ತಲೇ ಇದ್ದಾರೆ. ಇಂದು ಮೊದಲ ಬಾರಿಗೆ ಈ ಸಭಾಂಗಣಕ್ಕೆ ಬಂದು, ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ನಗುತ್ತಿಲ್ಲ. ಇನ್ನೂ ಅದೇ ಲೆಕ್ಕಾಚಾರ ನಡೆಯುತ್ತಿದೆ ಎಂದು ಇಲ್ಲಿಂದಲೇ ಕಾಣುತ್ತಿದೆ.

ಆದ್ದರಿಂದ ಅಧ್ಯಕ್ಷರ ಕ್ಷಮೆ ಕೋರಿ ಒಂದು ವಿಷಯ ಅರಿಕೆ ಮಾಡುತ್ತೇನೆ. ಅನಾವರಣಕ್ಕೆ ಮುನ್ನ ಯಾರೂ ನೋಡಕೂಡದೆಂಬ ನಿಯಮವನ್ನು ಇಂದು ಬೆಳಿಗ್ಗೆ ಮುರಿದಿದ್ದೇನೆ. ಗಡಿಯಾರದ ಹಿರಿಯರನ್ನು ಹಿಂಬಾಗಿಲಿನಿಂದ ಕರೆತಂದು, ಏನನ್ನೂ ಹೇಳದೆ, ಆ ಬಟ್ಟೆಯನ್ನು ಎತ್ತಿದೆ. ಆ ಮುಖವನ್ನು ಕಂಡು ಬದುಕಿರುವವರು ಪುಟ್ಟತ್ತೆಯನ್ನು ಬಿಟ್ಟರೆ ಅವರೊಬ್ಬರೇ. ಕೇಳಿದಾಗಲೆಲ್ಲ, "ನಂಗೂ ಬ್ರಷ್ಷೇ ಕಾಣ್ಸುತ್ತೆ" ಎಂದವರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡರು. ನಾನು ಪಕ್ಕದಲ್ಲಿರುವುದನ್ನು ಮರೆತು, ಆ ಮುಖಕ್ಕೆ ಹೇಳಿದರು:

"ಲೋ ಕಳ್ಳ, ಇಲ್ಲಿ ಬಂದು ಕೂತಿದ್ದೀಯಾ?"

ಪುಟ್ಟತ್ತೆ, ಈ ಮಾತನ್ನು ನಿಮಗೆ ಬೆಳಿಗ್ಗೆಯೇ ಹೇಳಬಹುದಿತ್ತು. ಎಲ್ಲರೆದುರು ಹೇಳಬೇಕೆನಿಸಿತು.

ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಸಹಿಸಿಕೊಂಡಂತೆ ನಟಿಸಿದ ಗಣ್ಯರಿಗೆ, ತಮಗೆಲ್ಲರಿಗೂ ಕೃತಜ್ಞತೆಗಳು. ಬಟ್ಟೆ ಸರಿದಾಗ ಯಾರಿಗಾದರೂ ನಗು ಬಂದರೆ ದಯವಿಟ್ಟು ತಡೆದುಕೊಳ್ಳಬೇಡಿ. ಅಲ್ಲಿ ತಡೆದುಕೊಂಡು ಕುಳಿತಿರುವವನು ಒಬ್ಬನಿದ್ದಾನೆ, ಅಷ್ಟು ಸಾಕು.

ನಮಸ್ಕಾರ.