ಆಯುಧಪೂಜೆಗೆ ಇಟ್ಟ ಇಪ್ಪತ್ತಮೂರು ಅಂಕಪಟ್ಟಿಗಳು

ಹೆಸರು: ಸಣ್ಣತಾಯಮ್ಮ ಕೋಂ ಲೇಟ್ ಕರಿಯಯ್ಯ. ವಯಸ್ಸು: 61 ವರ್ಷ. ವಿದ್ಯಾಭ್ಯಾಸ: ಎಸ್.ಎಸ್.ಎಲ್.ಸಿ. ತೇರ್ಗಡೆ. ಉದ್ಯೋಗ: ಮನೆಯ ಯಜಮಾನಿ. ವಾಸ: ಹಾಸನ ರಸ್ತೆ, ಅರಸೀಕೆರೆ ಟೌನ್.

ಇಂದು ದಿನಾಂಕ 15-07-2004ರಂದು ಬೆಳಿಗ್ಗೆ 11 ಗಂಟೆಗೆ, ನನ್ನ ಮಹಡಿಯ ಬಾಡಿಗೆದಾರನು ನನ್ನ ಮೇಲೆ ಕೊಟ್ಟ ದೂರಿನ ಬಗ್ಗೆ ನನ್ನನ್ನು ಠಾಣೆಗೆ ಕರೆಸಿ ವಿಚಾರಿಸಿದ್ದಕ್ಕೆ ನಾನು ತಿಳಿಸುವುದೇನೆಂದರೆ, ಮೊದಲನೆಯದಾಗಿ ಉದ್ಯೋಗದ ಜಾಗದಲ್ಲಿ ರೈಟರ್ ‘ಮನೆಕೆಲಸ’ ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿಸಿ ಮೇಲಿನಂತೆ ಬರೆಸಿದ್ದೇನೆ.

ನನ್ನ ತವರು ಕಣಕಟ್ಟೆ. ನಮ್ಮ ಕೇರಿಯಲ್ಲಿ ಎಸ್.ಎಸ್.ಎಲ್.ಸಿ. ಪಾಸಾದ ಮೊದಲ ಹೆಣ್ಣು ನಾನು, 1960ನೇ ಇಸವಿಯಲ್ಲಿ. ನಮ್ಮ ಕೇರಿಯವರಿಗೆ ಆಗ ಒಂದು ಗುಂಟೆ ಜಮೀನೂ ಇರಲಿಲ್ಲ. ಜಮೀನಿಲ್ಲದ ಮನೆಗೆ ಅಂಕಪಟ್ಟಿಯೇ ಪಹಣಿ. ನನ್ನ ಯಜಮಾನರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ ಗುಮಾಸ್ತರಾಗಿ ನಿವೃತ್ತರಾದರು. ಈಗ ನಾನಿರುವ ಮಹಡಿ ಮನೆ ಅವರೇ ಕಟ್ಟಿಸಿದ್ದು. ಕೆಳಗಡೆ ನಾನು, ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿರುವ ನನ್ನ ಮಗ ಪುಟ್ಟರಾಜು, ಸೊಸೆ ಮಂಜುಳಾ ಮತ್ತು ಮೊಮ್ಮಗಳು ಮಾಲಿನಿ, 20 ವರ್ಷ, ವಾಸವಾಗಿದ್ದೇವೆ.

2003ನೇ ಜೂನ್ ತಿಂಗಳಲ್ಲಿ ಬೇಲೂರಿನ ಮಧುಕುಮಾರ್, ಸುಮಾರು 29 ವರ್ಷ, ಎಂಬುವನು ಬಂದು ತಾನು ಸುವಿಕ್ರಮ್ ಡೇಟಾ ಎಂಬ ಕಂಪನಿಯ ಮ್ಯಾನೇಜರ್ ಎಂದೂ, ಮಹಡಿಯನ್ನು ಬಾಡಿಗೆಗೆ ಕೊಡಬೇಕೆಂದೂ ಕೇಳಿದನು. ಅಮೆರಿಕದ ಆಸ್ಪತ್ರೆಗಳ ರೋಗಿಗಳ ಕಾಗದಗಳು ಕಂಪ್ಯೂಟರಿನಲ್ಲಿ ಚಿತ್ರವಾಗಿ ಬರುತ್ತವೆಂದೂ, ಇಲ್ಲಿಯ ಹುಡುಗಿಯರು ಅವನ್ನು ನೋಡಿ ಟೈಪು ಮಾಡಿದರೆ ಸಾಕೆಂದೂ, ಇದಕ್ಕೆ ಔಟ್‌ಸೋರ್ಸಿಂಗ್ ಎನ್ನುತ್ತಾರೆಂದೂ ಹೇಳಿದನು. ಓದಿದ ಹೆಣ್ಣುಮಕ್ಕಳು ಬೇಕು, ಊರಿನವರು ನಿಮ್ಮ ಮಾತು ಕೇಳುತ್ತಾರಂತೆ ಎಂದನು. ಆ ಮಾತು ನನಗೆ ಹಿಡಿಸಿತು. ಮುಚ್ಚಿಡುವುದಿಲ್ಲ.

ನಾನೇ ಬಸ್ಸು ಹತ್ತಿ ಕಣಕಟ್ಟೆಗೂ ಸುತ್ತಲಿನ ಊರುಗಳಿಗೂ ಹೋಗಿ, ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದ ಹುಡುಗಿಯರ ತಂದೆತಾಯಿಗಳಿಗೆ ಹೇಳಿದೆ. ಮಾಲಿನಿಯೂ ಸೇರಿ 23 ಜನ ಸೇರಿದರು. ಕಂಪನಿ ಆಗಸ್ಟ್ 1ರಂದು ಶುರುವಾಯಿತು.

ಶುರುವಾದ ಮೇಲೆ ನನಗೆ ಕಂಡಿದ್ದನ್ನು ಹೇಳುತ್ತೇನೆ. ಬೆಳಿಗ್ಗೆ 8ಕ್ಕೆ ಹುಡುಗಿಯರು ಮೇಲೆ ಹೋದರೆ ಗ್ರಿಲ್ ಬಾಗಿಲಿಗೆ ಒಳಗಿನಿಂದ ಬೀಗ ಬೀಳುತ್ತಿತ್ತು. ಬೀಗದ ಕೈ ಮಧುಕುಮಾರನ ಜೇಬಿನಲ್ಲಿರುತ್ತಿತ್ತು. ಅಮೆರಿಕದವರ ಕಾಗದ ಹೊರಗೆ ಹೋಗಬಾರದೆಂಬ ರೂಲ್ ಎಂದು ಹೇಳುತ್ತಿದ್ದನು. ಹಿತ್ತಲಿನ ಕಕ್ಕಸಿಗೆ ಹೋಗಿಬರಲು ಆರು ನಿಮಿಷ, ಅದಕ್ಕೊಂದು ಪುಸ್ತಕ. ಮಹಡಿಯಿಂದ ಅಲ್ಲಿಗೆ 22 ಮೆಟ್ಟಿಲು ಮತ್ತು 31 ಹೆಜ್ಜೆ. ನಾನೇ ನಡೆದು ನೋಡಿದ್ದೇನೆ; ಹೋಗಿಬರುವುದಕ್ಕೇ ಮೂರು ನಿಮಿಷ ಬೇಕು. ಹುಡುಗಿಯರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದು ನಂಬರು. ನನ್ನ ಮೊಮ್ಮಗಳು ನನ್ನದೇ ಮನೆಯ ಮಹಡಿಯಲ್ಲಿ ನಂಬರ್ 14 ಆಗಿದ್ದಳು. ಆ ದೇಶದವರಿಗೆ ತಮ್ಮ ರೋಗಿಗಳ ಹೆಸರು ಬರೆದುಕೊಳ್ಳಲು ಪುರುಸೊತ್ತಿಲ್ಲ, ಬರೆದುಕೊಡುವ ನಮ್ಮ ಮಕ್ಕಳ ಹೆಸರು ಕೇಳಲೂ ಪುರುಸೊತ್ತಿಲ್ಲ. ರಾಗಿ ಕುಯ್ಯಲು ಬರುವ ಆಳನ್ನೂ ನಮ್ಮ ಕಡೆ ಹೆಸರು ಹಿಡಿದು ಕರೆಯುತ್ತಾರೆ.

ಇದನ್ನೆಲ್ಲ ಯಾವ ಕಾಯ್ದೆ ಒಪ್ಪುತ್ತದೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಮಧುಕುಮಾರನು “ಅಮ್ಮಾ, ನಮ್ದು ಐಟಿ. ಕಾರ್ಖಾನೆ ಕಾನೂನೆಲ್ಲ ನಮಗೆ ಬರಲ್ಲ” ಎಂದು ನಗುತ್ತಾ ಹೇಳಿದನು. ಕಾನೂನು ಬರಲ್ಲವೆಂದು ನಗುವವರನ್ನು ನಾನು ಮೊದಲೂ ನೋಡಿದ್ದೇನೆ. ಅವರು ಜಮೀನು ಇದ್ದವರಾಗಿದ್ದರು. ಇವರ ಹತ್ತಿರ ಕಂಪ್ಯೂಟರ್ ಇದೆ, ಅಷ್ಟೇ ವ್ಯತ್ಯಾಸ.

ದಿನಾಂಕ 04-10-2003 ಆಯುಧಪೂಜೆ. ನಮ್ಮ ಮನೆಯಲ್ಲಿ ಮಾಲೇಕಲ್ಲು ತಿಮ್ಮಪ್ಪನ ಪಟವೂ ಬುದ್ಧನ ಪಟವೂ ಒಂದೇ ಗೋಡೆಯಲ್ಲಿವೆ. ಯಾವ ಹಬ್ಬವನ್ನೂ ನಾವು ಬಿಟ್ಟಿಲ್ಲ. ಮಧುಕುಮಾರನು ಕಂಪ್ಯೂಟರುಗಳಿಗೆ ಹೂವು ಹಾಕಿಸಿ ಕುಂಬಳಕಾಯಿ ತರಿಸಿದ್ದನು. ಅದಕ್ಕೆ ಮೂರು ದಿನ ಮೊದಲು ನಾನು ಹುಡುಗಿಯರಿಗೆ ಒಂದು ಮಾತು ಹೇಳಿದ್ದೆ. ಕಂಪ್ಯೂಟರ್ ಕಂಪನಿಯ ಆಯುಧ, ನಿಮ್ಮ ಆಯುಧ ನಿಮ್ಮ ಅಂಕಪಟ್ಟಿ, ಅದನ್ನು ತಂದು ಪೂಜೆಗೆ ಇಡಿ ಎಂದಿದ್ದೆ. ದ್ರಾಕ್ಷಾಯಣಿ ಎಂಬ ಹುಡುಗಿ ಜೆರಾಕ್ಸ್ ತಂದರೆ ಸಾಲದೇ ಎಂದು ಕೇಳಿದಳು. ಜೆರಾಕ್ಸಿಗೆ ಪೂಜೆ ಮಾಡಿದರೆ ಜೆರಾಕ್ಸ್ ವಿದ್ಯೆಯೇ ಬರುತ್ತದೆ ಎಂದೆ. ಎಲ್ಲರೂ ನಕ್ಕರು.

ಪೂಜೆಯ ದಿನ ದ್ರಾಕ್ಷಾಯಣಿಯ ತಂದೆ ಜವರಪ್ಪ ಕಣಕಟ್ಟೆಯಿಂದ ತಾನೇ ಅಂಕಪಟ್ಟಿ ತಂದಿದ್ದನು. ಅದನ್ನು ಟವೆಲ್ಲಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ನಿಂತೇ ಬಂದಿದ್ದನು. ಮೆಟ್ಟಿಲ ಹತ್ತಿರ ನಿಂತು ನನ್ನನ್ನು “ಅಮ್ಮಾ, ಕೊಟ್ರೆ ವಾಪಸ್ ಬತ್ತೈತಾ?” ಎಂದು ಕೇಳಿದನು. ಹತ್ತು ಜನರ ಮುಂದೆ ಕೇಳಿದ್ದು ನನಗೆ ಸರಿ ಬರಲಿಲ್ಲ. “ನಾನು ಹೇಳಿದ್ಮೇಲೆ ಮುಗೀತು ಕಣೋ ಜವರಪ್ಪ. ಮೇಲಕ್ಕೆ ಕೊಡು” ಎಂದೆ. ಕೊಟ್ಟನು.

ಮಾರನೆಯ ದಿನ ವಿಜಯದಶಮಿ. ಪೂಜೆ ಕದಲಿಸಿದ ಮೇಲೆ ಇಟ್ಟವರ ವಸ್ತುವನ್ನು ಇಟ್ಟವರ ಕೈಗೆ ಕೊಡುವುದು ಪದ್ಧತಿ. ಬೆಳಿಗ್ಗೆ 9ಕ್ಕೆ ಹುಡುಗಿಯರು ಹೋದಾಗ ಕುಂಕುಮ ಹತ್ತಿದ 23 ಅಂಕಪಟ್ಟಿಗಳೂ ಮೇಲಿನ ಕಬ್ಬಿಣದ ಬೀರುವಿನೊಳಗೆ ಹೋಗಿದ್ದವು. ಬೆಂಗಳೂರು ಆಫೀಸಿನವರು ಪರಿಶೀಲಿಸಬೇಕು, ಎರಡು ದಿನ ಎಂದು ಮಧುಕುಮಾರನು ಹೇಳಿದನು. ಆ ಎರಡು ದಿನದಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಇಂಗ್ಲಿಷಿನಲ್ಲಿದ್ದ ಬಾಂಡಿಗೆ ಸಹಿ ಹಾಕಿಸಿಕೊಂಡನು. ಮೂರು ವರ್ಷ ಕೆಲಸ ಬಿಡುವಂತಿಲ್ಲ, ಅಲ್ಲಿಯವರೆಗೆ ಮೂಲ ಅಂಕಪಟ್ಟಿಗಳನ್ನು ನಾವೇ ಇಷ್ಟಪಟ್ಟು ಕಂಪನಿಗೆ ಒಪ್ಪಿಸಿದ್ದೇವೆ ಎಂದು ಅದರಲ್ಲಿ ಇತ್ತಂತೆ. ಯಾರಿಗೂ ರಸೀತಿ ಕೊಡಲಿಲ್ಲ. ಹುಡುಗಿಯರು ಇದನ್ನು ನನಗೆ ಹೇಳಲಿಲ್ಲ. ನನ್ನ ಮೊಮ್ಮಗಳೂ ಹೇಳಲಿಲ್ಲ.

ದಿನಾಂಕ 12-07-2004ರಂದು ಮಾಲಿನಿಗೆ ಶಿಕ್ಷಕರ ತರಬೇತಿ ಸೀಟಿನ ಕೌನ್ಸೆಲಿಂಗ್ ಪತ್ರ ಬಂದಿತು. 15ನೇ ತಾರೀಖು ಬೆಳಿಗ್ಗೆ 10ಕ್ಕೆ ಹಾಸನದಲ್ಲಿ ಮೂಲ ಅಂಕಪಟ್ಟಿಯೊಂದಿಗೆ ಹಾಜರಾಗಬೇಕು, ತಪ್ಪಿದಲ್ಲಿ ಸೀಟು ಮುಂದಿನವರಿಗೆ ಎಂದಿತ್ತು. ಆಗ ಅವಳು ಅತ್ತು ವಿಷಯ ಹೇಳಿದಳು. ಒಂಬತ್ತು ತಿಂಗಳು ಯಾಕೆ ಹೇಳಲಿಲ್ಲವೇ ಎಂದು ಕೇಳಿದೆ. “ಪೂಜೆಗಿಡಿ ಅಂದಿದ್ದು ನೀವೇ ಅಲ್ವಾ ಅಜ್ಜಿ” ಎಂದಳು.

13ರಂದು ಬೆಳಿಗ್ಗೆ 10.30ಕ್ಕೆ ನಾನು ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಸಾಹೇಬರು ಕ್ಯಾಂಪಿನಲ್ಲಿದ್ದಾರೆ, ಶುಕ್ರವಾರ ಬನ್ನಿ ಎಂದರು. ಶುಕ್ರವಾರ 16ನೇ ತಾರೀಖು. ಅಲ್ಲಿದ್ದ ಗುಮಾಸ್ತರು ಕಂಪ್ಯೂಟರ್ ಕಂಪನಿ ತಮಗೆ ಬರುತ್ತದೋ ಇಲ್ಲವೋ ನೋಡಬೇಕು ಎಂದರು. ಮಧ್ಯಾಹ್ನ 1.15ರವರೆಗೆ ಬೆಂಚಿನ ಮೇಲೆ ಕುಳಿತಿದ್ದು ಎದ್ದು ಬಂದೆ.

14ರಂದು ಮಧ್ಯಾಹ್ನ 3.10ಕ್ಕೆ ನಾನು ಮೇಲಕ್ಕೆ ಹೋದೆ. ಚಪ್ಪಲಿ ತೋರಿಸಿದೆನೆಂದು ಮಧುಕುಮಾರನು ದೂರಿನಲ್ಲಿ ಬರೆಸಿದ್ದಾನೆ. ಚಪ್ಪಲಿಯನ್ನು ಕೆಳಗಿನ ಮೆಟ್ಟಿಲ ಹತ್ತಿರ ಬಿಟ್ಟಿದ್ದೆ. ನನ್ನ ಯಜಮಾನರು ಕಟ್ಟಿಸಿದ ಮನೆಯೊಳಗೆ ನಾನು ಚಪ್ಪಲಿ ಮೆಟ್ಟಿ ಹೋದವಳಲ್ಲ. ಅವನೇ ಗ್ರಿಲ್ ಬೀಗ ತೆಗೆದು ನನ್ನನ್ನು ಒಳಗೆ ಬಿಟ್ಟುಕೊಂಡು, ರೂಲಿನ ಪ್ರಕಾರ ಮತ್ತೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡನು. ನಾನು ಅವನನ್ನು 40 ನಿಮಿಷ ಕೂಡಿಹಾಕಿದೆನೆಂಬುದಕ್ಕೆ ಇದೇ ಉತ್ತರ.

ಮಾಲಿನಿಯ ಅಂಕಪಟ್ಟಿ ಒಂದು ದಿನದ ಮಟ್ಟಿಗೆ ಕೊಡು ಎಂದು ಕೇಳಿದೆ. ಆಗುವುದಿಲ್ಲ, ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ, ಎಲ್ಲರೂ ಬಿಟ್ಟು ಹೋದರೆ ಅಮೆರಿಕದವರು ಕೆಲಸವನ್ನು ಇನ್ನೂ ಅಗ್ಗದ ಕಡೆಗೆ ಕೊಡುತ್ತಾರೆ ಎಂದನು. ನಾನು ಸೆರಗಿನೊಳಗಿಂದ ನನ್ನ 1960ರ ಅಂಕಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಮಾತು ಕೊಟ್ಟವಳು ನಾನು, ಇದನ್ನು ಒತ್ತೆ ಇಟ್ಟುಕೊಂಡು ಅದನ್ನು ಕೊಡು ಎಂದೆ. ಅವನು ಅದನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ “ಏನಜ್ಜಿ, ಇದನ್ನ ಮ್ಯೂಸಿಯಂಗೆ ಕೊಡಿ. ನಮ್ಮ ಸಿಸ್ಟಮ್ಮು ತಗೊಳ್ಳಲ್ಲ” ಎಂದನು. ಆಗ ದ್ರಾಕ್ಷಾಯಣಿ ಕುಳಿತಲ್ಲಿಂದಲೇ “ತಗೊಳ್ಳಿ ಸಾರ್. ಅಮ್ಮಾರಿಗೂ ಒಂದ್ ನಂಬರ್ ಕೊಡಿ, ಇಪ್ಪತ್ತನಾಕು” ಎಂದಳು. ಇವನು ಅವಳಿಗೆ ಬಾಯಿ ಮುಚ್ಚು ಟ್ವೆಲ್ವ್ ಎಂದನು. ಹೊಟ್ಟೆಗೆ ಅನ್ನ ತಿನ್ನುವವನೇನೋ ನೀನು ಎಂದು ನಾನು ಕೇಳಿದ್ದು ನಿಜ. ಅದು ಬೈಗುಳವಾದರೆ ಬರೆದುಕೊಳ್ಳಿ.

ಅದಕ್ಕೆ ಅವನು ದನಿ ಇಳಿಸಿ “ನನ್ನ ಬಿ.ಇ. ಸರ್ಟಿಫಿಕೇಟೂ ಬೆಂಗಳೂರಲ್ಲಿ ಇಟ್ಕೊಂಡಿದ್ದಾರೆ ಅಮ್ಮಾ. ನಾನು ಯಾರ್ ಹತ್ರ ಹೋಗಿ ಕೇಳ್ಲಿ” ಎಂದನು. ನನಗೆ ಅಯ್ಯೋ ಎನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ತನ್ನ ಕೊರಳಿನ ಹಗ್ಗ ತೋರಿಸಿ ನಮ್ಮ ಮಕ್ಕಳ ಕೊರಳಿನ ಹಗ್ಗ ಹಿಡಿದುಕೊಂಡಿರುವವನಿಗೆ ನಾನು ಇನ್ನೇನು ಹೇಳಲಿ. ನಿನ್ನದನ್ನು ನೀನು ಹೋಗಿ ಕೇಳು, ನಾನು ನಮ್ಮದನ್ನು ತೆಗೆದುಕೊಳ್ಳುತ್ತೇನೆ ಎಂದೆ.

ಬೀರುವಿನ ವಿಚಾರ: ಅದು ನನ್ನ ಯಜಮಾನರದು. ಇಳಿಸಲಾರದಷ್ಟು ಭಾರವೆಂದು ಮೇಲೆಯೇ ಬಿಟ್ಟಿದ್ದೆ. ಬಾಡಿಗೆ ಕರಾರಿನಲ್ಲಿ ನಾಲ್ಕು ಕೋಣೆ, ಏಳು ಫ್ಯಾನು, ಒಂದು ನೀರಿನ ತೊಟ್ಟಿ ಎಂದಿದೆ, ಬೀರು ಎಂದಿಲ್ಲ. ಅದರ ಒಂದು ಬೀಗದ ಕೈಯನ್ನು ಬಾಯಿಮಾತಿನಲ್ಲಿ ಅವನಿಗೆ ಕೊಟ್ಟಿದ್ದೆ. ಇನ್ನೊಂದು ಯಾವಾಗಲೂ ನನ್ನ ಸೊಂಟದ ಗೊಂಚಲಿನಲ್ಲಿದೆ. ಆದ್ದರಿಂದ ಮುರಿದೆ ಎಂಬುದು ಸುಳ್ಳು. 3.25ಕ್ಕೆ ತೆಗೆದೆ.

ಒಳಗೆ 23 ಅಂಕಪಟ್ಟಿಗಳೂ ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಒಂದೊಂದಾಗಿ ತೆಗೆದು ಹೆಸರು, ತಂದೆಯ ಹೆಸರು, ಊರು ಓದಿ ಕರೆದೆ. ನಂಬರು ಕರೆಯಲಿಲ್ಲ. ಪ್ರತಿಯೊಬ್ಬಳೂ ನೋಟ್‌ಪುಸ್ತಕದಲ್ಲಿ ಸಹಿ ಮಾಡಿ ತೆಗೆದುಕೊಂಡಳು. ಪುಸ್ತಕ ಹಾಜರುಪಡಿಸಿದ್ದೇನೆ. ಮಧುಕುಮಾರನು ಫೋನು ಹಿಡಿದು ಬೆಂಗಳೂರಿಗೆ ಮಾತನಾಡುತ್ತಿದ್ದನು. ಯಾರೂ ಅವನನ್ನು ಮುಟ್ಟಲಿಲ್ಲ.

ದ್ರಾಕ್ಷಾಯಣಿ ಬಂದಾಗ ಅವಳ ಅಂಕಪಟ್ಟಿಯ ಮೂಲೆಯಲ್ಲಿ ಕುಂಕುಮ ಹಾಗೆಯೇ ಇತ್ತು. ನಾನು ಸೆರಗಿನಿಂದ ಒರೆಸಿದೆ, ಹೋಗಲಿಲ್ಲ. ಅವಳು “ಅಪ್ಪ ಒಂಬತ್ ತಿಂಗ್ಳಿಂದ ಕೇಳ್ತಾನೇ ಐತೆ ಅಮ್ಮಾ. ನಿಮ್ಗೆ ಮಾತ್ರ ಹೇಳ್ಬ್ಯಾಡ ಅಂದಿತ್ತು. ಅಮ್ಮಾರ ಮಾತು ಸುಳ್ಳಾಯ್ತದೆ ಅಂತ” ಎಂದಳು. ಮುಂದಿನ ಹೆಸರು ಕರೆದೆ.

4.05ಕ್ಕೆ ಚೀಲ ಖಾಲಿಯಾಯಿತು. ಮೇಜಿನ ಮೇಲಿದ್ದ ನನ್ನ ಅಂಕಪಟ್ಟಿಯನ್ನು ಅದೇ ಚೀಲದಲ್ಲಿ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಧುಕುಮಾರನು ಗ್ರಿಲ್ ಬೀಗ ತೆಗೆದನು. ಹುಡುಗಿಯರು ಇಳಿದು ಹೋದರು.

ಇಂದು ಬೆಳಿಗ್ಗೆ 6.15ರ ಬಸ್ಸಿಗೆ ಮಾಲಿನಿಯನ್ನು ಹಾಸನಕ್ಕೆ ಹತ್ತಿಸಿ ಬಂದೆ. ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಕೇಸಿಗೆ ಮಾಲು ಬೇಕು, ತೆಗೆದ ಅಂಕಪಟ್ಟಿಗಳಲ್ಲಿ ಕೊನೆಗೆ ನಿಮ್ಮ ಮೊಮ್ಮಗಳದನ್ನಾದರೂ ವಾಪಸ್ ತರಿಸಿ ಎಂದರು. ಆಗುವುದಿಲ್ಲ ಎಂದೆ. 12.50ಕ್ಕೆ ನನ್ನ ಮಗ ಪುಟ್ಟರಾಜು ಠಾಣೆಯ ಬಾಗಿಲಿಗೆ ಬಂದು, ಹಾಸನದ ಎಸ್.ಟಿ.ಡಿ. ಬೂತಿನಿಂದ ಮಾಲಿನಿ ಫೋನು ಮಾಡಿದ್ದಳೆಂದೂ, ಸೀಟು ಸಿಕ್ಕಿತೆಂದೂ, ಅಂಕಪಟ್ಟಿಯನ್ನು ಅಲ್ಲಿಯವರು ಇಟ್ಟುಕೊಂಡರೆಂದೂ ಹೇಳಿದನು. ರಸೀತಿ ಕೊಟ್ಟರೇನೋ ಎಂದು ಕೇಳಿದೆ. ಕೊಟ್ಟರು ಎಂದನು.

ಇಷ್ಟೆಲ್ಲದರ ನಡುವೆ ಒಂದು ಮಾತನ್ನು ಯಾರೂ ನನ್ನನ್ನು ಕೇಳಲಿಲ್ಲ, ನಾನೇ ಬರೆಸುತ್ತಿದ್ದೇನೆ. ಅಂಕಪಟ್ಟಿಗಳನ್ನು ಮಧುಕುಮಾರನು ಕಿತ್ತುಕೊಳ್ಳಲಿಲ್ಲ. ಅವನು ಕೇಳಿಯೂ ಇರಲಿಲ್ಲ. 23 ಮನೆಯವರು ಅವನ್ನು ಇಟ್ಟಿದ್ದು ನನ್ನ ಮಾತಿನ ಮೇಲೆ. ಈ ಹೇಳಿಕೆ ಮುಗಿದ ಮೇಲೆ ನಾನು 3.30ರ ಬಸ್ಸಿಗೆ ಕಣಕಟ್ಟೆಗೆ ಹೋಗಬೇಕಾಗಿದೆ. ಜವರಪ್ಪನ ಮನೆಗೆ. ಆದ್ದರಿಂದ ಬೇಗ ಬಿಡತಕ್ಕದ್ದು.

ಕೇಸಿಗೆ ಮಾಲು ಬೇಕಾದರೆ ಸದರಿ ಬೀರುವಿನಲ್ಲಿ ಈಗ ಒಂದು ಅಂಕಪಟ್ಟಿ ಇದೆ. ಅದು ನನ್ನದು. ಅದನ್ನು ಜಪ್ತಿ ಮಾಡಬಹುದು. ಆದರೆ ರಸೀತಿ ಕೊಡದೆ ಮುಟ್ಟಬಾರದು.

ಈ ಹೇಳಿಕೆಯನ್ನು ನನಗೆ ಯಾರೂ ಓದಿ ಹೇಳಲಿಲ್ಲ; ನಾನೇ ಓದಿಕೊಂಡು, ಎರಡು ಕಡೆ ರೈಟರ್ ಮಾಡಿದ್ದ ತಪ್ಪು ತಿದ್ದಿ, ಉಳಿದಿದ್ದು ನಾನು ಹೇಳಿದಂತೆಯೇ ನಿಜವಾಗಿರುತ್ತದೆಂದು ಸಹಿ ಮಾಡಿರುತ್ತೇನೆ.

ಸ್ಥಳ: ಅರಸೀಕೆರೆ
ದಿನಾಂಕ: 15-07-2004, ಮಧ್ಯಾಹ್ನ 2.20

ಸಹಿ/-
ಕೆ. ಸಣ್ಣತಾಯಮ್ಮ, ಎಸ್.ಎಸ್.ಎಲ್.ಸಿ.

ಇದರ ಕೆಳಗೆ ರೈಟರ್ ಬರೆದಿದ್ದು:
ಸಾಯಂಕಾಲ 5.10ಕ್ಕೆ ಪಂಚರ ಸಮಕ್ಷಮ ಬೀರು ತೆಗೆಯಲಾಗಿ 1960ನೇ ಸಾಲಿನ ಮೂಲ ಅಂಕಪಟ್ಟಿ ಒಂದು ದೊರೆತಿರುತ್ತದೆ. ಸದರಿ ಹೆಣ್ಣುಮಗಳು ಕಣಕಟ್ಟೆಗೆ ಹೋಗಿದ್ದರಿಂದ ರಸೀತಿಯನ್ನು ಅವರ ಮಗ ಪುಟ್ಟರಾಜು ಅವರ ಕೈಗೆ ಕೊಡಲಾಗಿದೆ.