ಡೇರೆ ಕಟ್ಟಿದವರು

ಅಧ್ಯಕ್ಷರೇ, ಅತಿಥಿಗಳೇ, ಈ ಮಾತು ಬೇಗ ಮುಗಿಯಲಿ ಎಂದು ಬಾಗಿಲ ಕಡೆ ನೋಡುತ್ತಿರುವ ನಮ್ಮ ಬಾಲಕಿಯರ ದಳದ ಮಕ್ಕಳೇ, ಅವರನ್ನು ಹೆತ್ತವರೇ, ಸಭಿಕರೇ,

ದಳದ ಮುಖ್ಯಸ್ಥೆಯಾಗಿ ಇದು ನನ್ನ ಕೊನೆಯ ಭಾಷಣ. ತುಂಬ ಹೊಗಳಿದಿರಿ. ಹೊಗಳಿಕೆ ಯಾರಿಗೆ ಬೇಡ? ಆದರೆ ಅದು ಸಲ್ಲಬೇಕಾದವರಿಗೆ ಸಲ್ಲಬೇಕು.

ನಮ್ಮ ಶಿಬಿರಗಳಲ್ಲಿ ಒಂದು ನಿಯಮವಿದೆ: ಡೇರೆಯನ್ನು ಯಾರು ಕಟ್ಟುತ್ತಾರೋ ಅವರೇ ಅದರಲ್ಲಿ ಮಲಗಬೇಕು. ಗೂಟ ಸಡಿಲ ಬಿಟ್ಟವಳ ತಲೆಯ ಮೇಲೇ ಅದು ಬೀಳಲಿ ಎಂದು ನಾನೇ ಮಾಡಿದ್ದು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿ ದಳಕ್ಕೆ ಸೇರಲು ಬಂದಳು. ಹುಟ್ಟಿದಾಗ ಎಲ್ಲರೂ ಅವಳನ್ನು ಗಂಡು ಎಂದಿದ್ದರು. ಅವಳು ಮಾತ್ರ ಎಂದೂ ಹಾಗೆ ಅಂದುಕೊಂಡಿರಲಿಲ್ಲ. ಸಮಿತಿಯಲ್ಲಿ ಚರ್ಚೆಯೋ ಚರ್ಚೆ. ಕೆಲವು ತಾಯಂದಿರು ಬಂದು ಆತಂಕ ಹೇಳಿಕೊಂಡರು. ಕೂತು ಕೇಳಿದೆ, ಹೆತ್ತವರ ಸಂಕಟ ಸುಳ್ಳಲ್ಲ. ಕೊನೆಗೆ ಆಗ ಕಾರ್ಯದರ್ಶಿಯಾಗಿದ್ದ ಇಂದಿನ ಅಧ್ಯಕ್ಷರು ತೀರ್ಮಾನ ಹೇಳಿದರು. ಶಿಬಿರಕ್ಕೆ ಬರಲಿ, ಬೇರೆ ಡೇರೆಯಲ್ಲಿ ಒಬ್ಬಳೇ ಮಲಗಲಿ, ದಳದಲ್ಲಿ ಇಟ್ಟುಕೊಳ್ಳುವುದೋ ಬೇಡವೋ ಆಮೇಲೆ ನೋಡೋಣ. ಈಗಲೇ ನಗಬೇಡಿ ಸಾರ್, ಇನ್ನೂ ಇದೆ.

ಬೇರೆ ಎಂದರೆ ಏನೆಂದು ನನಗೆ ಗೊತ್ತು. ನಾನೂ ದಳದ ಹುಡುಗಿಯಾಗಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ನನ್ನ ತಮ್ಮನಿಗೆ... ತಂಗಿಗೆ, ತಟ್ಟೆ ಬೇರೆ, ಹಾಸಿಗೆ ಬೇರೆ ಎಂದಾಯಿತು. ನನ್ನ ದಳದ ಸ್ಕಾರ್ಫ್ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತದ್ದಷ್ಟೇ ಅವಳ ತಪ್ಪು. ಒಂದು ದಿನ ಮನೆ ಬಿಟ್ಟು ಹೊರಟೇ ಹೋದಳು. ಇರಲಿ, ವಿಷಯಕ್ಕೆ ಬರುತ್ತೇನೆ.

ಶಿಬಿರದ ದಿನ ಆ ಹುಡುಗಿಗೊಂದು ಪುಟ್ಟ ಡೇರೆ ಕೊಟ್ಟು ಮೈದಾನದ ಮೂಲೆ ತೋರಿಸಿದೆ. ಗೂಟ ಹಿಡಿದು ಒಬ್ಬಳೇ ನಿಂತಿದ್ದಳು. ಅವಳ ತುಕಡಿಯ ಐವರೂ ತಮ್ಮ ದೊಡ್ಡ ಡೇರೆಯ ಗಂಟನ್ನೂ ಬಿಚ್ಚದೆ ಅಲ್ಲಿಗೆ ಹೋಗಿ, ಒಬ್ಬೊಬ್ಬರೂ ಒಂದೊಂದು ಗೂಟ ಹೊಡೆದರು. ಸಂಜೆ ತಪಾಸಣೆಗೆ ಬಂದ ಕಾರ್ಯದರ್ಶಿಯವರಿಗೆ ಕಂಡದ್ದು ಡೇರೆಯಿಂದ ಹೊರಗೆ ಚಾಚಿದ ಕಾಲುಗಳು. ಇದೇನು ಅವತಾರ ಎಂದು ಕೇಳಿದರು. ತುಕಡಿಯ ನಾಯಕಿ ತಲೆ ಮಾತ್ರ ಹೊರಗೆ ಹಾಕಿದಳು.

"ಕಟ್ಟಿದವರೇ ಮಲಗ್ಬೇಕು ಅಂತ ನಿಯಮ ಸಾರ್. ನಾವು ಆರೂ ಜನ ಕಟ್ಟಿದ್ವಿ."

ಅವರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಮುಂದಿನ ಸಭೆಯಲ್ಲಿ ಬೇರೆ ಡೇರೆಯ ಮಾತನ್ನು ತೆಗೆಸಿಹಾಕಿದವರು ಇದೇ ಅಧ್ಯಕ್ಷರು. ಇಬ್ಬರು ತಾಯಂದಿರು ಮಕ್ಕಳನ್ನು ಬಿಡಿಸಿದರು, ಅವರಲ್ಲೊಬ್ಬರು ಮತ್ತೆ ಕರೆತಂದರು. ಆ ಹುಡುಗಿ ಉಳಿದಳು. ಇಂದು ಚಿಕ್ಕ ಮಕ್ಕಳ ತುಕಡಿಗೆ ಅವಳೇ ಅಕ್ಕ. ಅಧ್ಯಕ್ಷರೇ, ನಿಮಗೆ ಋಣಿ. ಮಕ್ಕಳೇ, ನಿಮಗೆ ಇನ್ನೂ ಹೆಚ್ಚು ಋಣಿ. ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದ್ದು ನಿಮಗೆ ಹೊಳೆಯಿತು.

ಆ ಶಿಬಿರ ಮುಗಿಸಿ ಬಂದ ಮೇಲೆಯೇ ನಾನು ತಂಗಿಯನ್ನು ಹುಡುಕಲು ಹೊರಟದ್ದು. ಸಿಕ್ಕಳು. ಈಗ ಮನೆಗೆ ಬರುತ್ತಾಳೆ, ಊಟ ಮಾಡುತ್ತಾಳೆ, ಕತ್ತಲಾಗುವ ಮೊದಲೇ ಎದ್ದುಬಿಡುತ್ತಾಳೆ. ಆ ಮನೆಯಲ್ಲಿ ಮಾತ್ರ ಮಲಗುವುದಿಲ್ಲ. ಇವತ್ತೂ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕವೇ ಕೂತಿದ್ದಾಳೆ.

ನೀವು ನನಗೆ ಉಡುಗೊರೆಯಾಗಿ ಒಂದು ಡೇರೆ ಕೊಟ್ಟಿದ್ದೀರಿ. ಈ ಮಂಡಿ ಇಟ್ಟುಕೊಂಡು ಬಗ್ಗಿ ಗೂಟ ಹೊಡೆಯುವುದು ನನ್ನಿಂದಾಗದು. ತಂಗೀ, ನಮ್ಮ ಹಿತ್ತಿಲಲ್ಲಿ ಇದನ್ನು ಕಟ್ಟೋಕೆ ನೀನೇ ಬರಬೇಕು ಕಣೇ. ನಿಯಮ ಕೇಳಿಸ್ಕೊಂಡ್ಯಲ್ಲ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.